ಕತೆಯನ್ನು ಗಡಿ ದಾಟಿಸಿದ ಮಾಸ್ತಿ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ, ಬಹುಮಾನದ ಅರ್ಧ ಮೊತ್ತ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಂದಿತು. ಕನ್ನಡದ ಕತೆ ಹೊರನಾಡಿನ ಓದುಗರನ್ನು ತಲುಪಬೇಕಾದರೆ ಇನ್ನೊಬ್ಬರ ಶ್ರಮವೂ ಬೇಕೆಂಬುದಕ್ಕೆ ದೊರೆತ ಮನ್ನಣೆ ಅದು. ಆ ಇನ್ನೊಬ್ಬರು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಎರಡೂ ಹೊಣೆಗಳನ್ನು ತಾವೇ ಹೊತ್ತವರು ಮಾಸ್ತಿ ವೆಂಕಟೇಶ ಅಯ್ಯಂಗಾರ್.

1891ರ ಜೂನ್ 6ರಂದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಮಾಸ್ತಿಯವರ ಮನೆಮಾತು ತಮಿಳು. 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಆದರೂ ಕತೆಗೆ ಅವರು ಆರಿಸಿಕೊಂಡದ್ದು ಕನ್ನಡವನ್ನು. 1920ರಲ್ಲಿ 'ಕೆಲವು ಸಣ್ಣ ಕತೆಗಳು' ಪ್ರಕಟವಾಯಿತು. ತಮಿಳುನಾಡು, ಕೇರಳಗಳ ಗಡಿಗೆ ಹತ್ತಿರದ ಗುಂಡ್ಲುಪೇಟೆಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಈ ಆಯ್ಕೆ ಸಹಜವೆನಿಸುತ್ತದೆ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುವವರು ಇಲ್ಲಿಯೂ ಇದ್ದಾರೆ.

ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ದೊರೆತಾಗ, 1943ರಲ್ಲಿ ಮಾಸ್ತಿ ರಾಜೀನಾಮೆಯಿತ್ತರು. ಸರ್ಕಾರಿ ಸೇವೆಯಲ್ಲಿದ್ದವರಿಗೆ ಆ ನಿರ್ಧಾರದ ತೂಕ ತಿಳಿದೀತು. ಆ ದಶಕದಲ್ಲಿಯೇ ತಮ್ಮ ಕತೆಗಳನ್ನು ಸ್ವತಃ ಇಂಗ್ಲಿಷಿಗೆ ತಂದು ಸಂಪುಟಗಳಾಗಿ ಪ್ರಕಟಿಸಿದರು. 1944ರಿಂದ 1965ರವರೆಗೆ 'ಜೀವನ' ಮಾಸಪತ್ರಿಕೆಯನ್ನು ಸಂಪಾದಿಸಿ ಇತರರ ಬರಹಗಳಿಗೂ ಎಡೆಯಿತ್ತರು. ಟಾಲ್‌ಸ್ಟಾಯ್ ಕುರಿತು ಕನ್ನಡದಲ್ಲಿ ಕತೆ ಬರೆದವರಿಗೆ, ನಮ್ಮ ಹಳ್ಳಿಯ ರಂಗನ ಮದುವೆ ಹೊರಗಿನವರಿಗೂ ಅರ್ಥವಾದೀತೆಂಬ ಭರವಸೆ ಇದ್ದಿರಬೇಕು. ಅದು ಹುಸಿಯಾಗಲಿಲ್ಲ. ಅವರು ತೀರಿಕೊಂಡ ಸುಮಾರು ಎರಡು ದಶಕಗಳ ಬಳಿಕ ಆ ಕತೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಇಂಗ್ಲಿಷ್ ಪಠ್ಯವನ್ನು ಸೇರಿತು. ಕನ್ನಡವರಿಯದ ಮಕ್ಕಳು ಹಲವು ವರ್ಷ ಅದನ್ನು ಓದಿದರು.

'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಮಾಸ್ತಿ ತೊಂಬತ್ತು ದಾಟಿದ್ದರು. 1986ರಲ್ಲಿ, ಹುಟ್ಟಿದ ದಿನದಂದೇ ನಿಧನರಾದರು.

ಅರ್ಥಶಾಸ್ತ್ರ ಓದಿದ ನನಗೆ ಅವರ ಬದುಕು ಒಂದು ಲೆಕ್ಕವನ್ನೂ ಮುಂದಿಡುತ್ತದೆ. ಅನುವಾದಕ್ಕೆ ಸಮಯ ಬೇಕು, ಮುದ್ರಣಕ್ಕೆ ಹಣ ಬೇಕು; ಫಲ ಮಾತ್ರ ಯಾವಾಗ ಬಂದೀತೆಂದು ಹೇಳಲಾಗದು. ಇಂಥ ವೆಚ್ಚವನ್ನು ಒಬ್ಬ ಲೇಖಕನ ಜೇಬಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಕನ್ನಡ ಮೂಲವೂ ಇಂಗ್ಲಿಷ್ ಅನುವಾದವೂ ಅಕ್ಕಪಕ್ಕದಲ್ಲಿ ಅಚ್ಚಾಗುವ, ಅನುವಾದಕರಿಗೆ ತಕ್ಕ ಸಂಭಾವನೆ ನೀಡುವ, ಹೊರದೇಶಗಳ ಗ್ರಂಥಾಲಯಗಳಿಗೂ ತಲುಪುವ ಕಥಾಪತ್ರಿಕೆಯೊಂದನ್ನು ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಸೇರಿ ಪೋಷಿಸಬೇಕು. ಅದರ ಸಂಪಾದಕರಿಗೆ ಆಯ್ಕೆಯ ಸ್ವಾತಂತ್ರ್ಯವಿರಬೇಕು. ಪ್ರಶಸ್ತಿ ಬಂದ ದಿನ ಅಭಿನಂದಿಸುವುದು ಸುಲಭ. ಪ್ರಶಸ್ತಿಯ ಸುಳಿವೂ ಇಲ್ಲದ ವರ್ಷಗಳಲ್ಲಿ ಕತೆಗಾರರಿಗೆ ಒತ್ತಾಸೆಯಾಗಿ ನಿಲ್ಲುವುದೇ ಕಷ್ಟದ ಕೆಲಸ.