ನಮ್ಮ ಗುಂಡ್ಲು ಪಂಡಿತ ರಾಜರತ್ನಂ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಕೂಡಲೇ ನೆನಪಾದವರು ಜಿ.ಪಿ. ರಾಜರತ್ನಂ. ನಾನು ಸಾಹಿತ್ಯ ಓದಿದವನಲ್ಲ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೆ ಅವರ ನಾಯಿಮರಿ ಪದ್ಯ, ತುತ್ತೂರಿ ಪದ್ಯ ಬಾಯಿಗೆ ಬಾರದ ಮಕ್ಕಳು ನಮ್ಮೂರಲ್ಲಿ ಇರಲೇ ಇಲ್ಲ. ಅವರ ಹೆಸರಿನ ಮೊದಲ ಅಕ್ಷರ ನಮ್ಮ ಸೀಮೆಯದೇ ಎಂಬುದು ಮಾತ್ರ ನನಗೆ ಗೊತ್ತಾದದ್ದು ಊರು ಬಿಟ್ಟ ಮೇಲೆ. ಜಿ.ಪಿ. ಎಂದರೆ ಗುಂಡ್ಲು ಪಂಡಿತ.

ತಮಿಳು ಸೀಮೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದ ಶ್ರೀವೈಷ್ಣವ ಮನೆತನ ಅವರದು. ಮುಂದೆ ಮನೆಯವರು ಮೈಸೂರಿನ ಕಡೆಗೆ ಹೋದರೂ ಗುಂಡ್ಲು ಎಂಬ ಗುರುತನ್ನು ಬಿಡಲಿಲ್ಲ. ಆದ್ದರಿಂದ ಅವರು ಇಲ್ಲೇ ಆಡಿ ಬೆಳೆದವರೆಂದು ನಾವು ಹೇಳಿಕೊಳ್ಳುವಂತಿಲ್ಲ, ಹೆಸರಿನ ನಂಟಿಗಾದರೂ ಹೆಮ್ಮೆಪಡಬಹುದು. ರಾಜಯ್ಯಂಗಾರ್ ಆಗಿದ್ದ ಹುಡುಗ ಶಾಲೆಯ ದಿನಗಳಲ್ಲೇ ರಾಜರತ್ನಂ ಆದರು. 1931ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ಕೆಲಸ ಸುಲಭವಾಗಿ ಸಿಗಲಿಲ್ಲ. ತಂದೆಯವರ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಾಗ ಪುಸ್ತಕದ ಪದ್ಯಗಳು ಮಕ್ಕಳಿಗೆ ಹಿಡಿಸುತ್ತಿಲ್ಲವೆಂದು ಕಂಡು ತಾವೇ ಪದ್ಯ ಕಟ್ಟತೊಡಗಿದರು. ಮಕ್ಕಳು ಕಲಿಯುತ್ತಿಲ್ಲ ಎಂದು ದೂರುವ ಬದಲು ಮಕ್ಕಳ ಎತ್ತರಕ್ಕೆ ಕೂತು ನೋಡಿದ ಮೇಷ್ಟ್ರು ಅವರು. ಅವರ ಮುಂದಿನ ಕೆಲಸವೆಲ್ಲ ಇದೇ ದಾರಿಯಲ್ಲಿ ನಡೆಯಿತೆಂದು ನನಗೆ ಅನ್ನಿಸುತ್ತದೆ.

ಅದೇ ಕಾಲದಲ್ಲಿ ಅವರು ರತ್ನನ ಪದಗಳನ್ನು ಬರೆದರು. ರತ್ನ ಹೆಂಡ ಕುಡಿಯುವ ಬಡವ, ಪುಟ್ನಂಜಿಯ ಗಂಡ. ರಾಜರತ್ನಂ ಹೆಂಡ ಮುಟ್ಟಿದವರಲ್ಲ, ಮಡಿವಂತ ಮನೆತನದವರು. ಆದರೂ ರತ್ನನನ್ನು ಹೊರಗೆ ನಿಂತು ಬೈಯಲಿಲ್ಲ, ಅವನಿಗೆ ಬುದ್ಧಿ ಹೇಳಲೂ ಹೋಗಲಿಲ್ಲ. ಅವನ ಬಾಯಿಂದ, ಅವನದೇ ಆಡುಮಾತಿನಲ್ಲಿ, ಅವನ ಸಂಸಾರ, ಕನ್ನಡದ ಅಭಿಮಾನ, ದೇವರ ಜೊತೆಗಿನ ಜಗಳ ಎಲ್ಲವನ್ನೂ ಹೇಳಿಸಿದರು. ಮೈಸೂರು ಅನಂತಸ್ವಾಮಿಯವರು ಹಾಡಿದ ಮೇಲೆ ಆ ಪದಗಳು ಮನೆಮನೆಗೂ ಹೋದವು.

ಇದು ನನಗೆ ಯಾಕೆ ದೊಡ್ಡದೆಂದರೆ, ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷ ನಾನು ಬಾಯಿ ಬಿಟ್ಟರೆ ಹಾಸ್ಟೆಲ್‌ನಲ್ಲಿ ನಗು. ಚಾಮರಾಜನಗರದ ನಮ್ಮ 'ಕನಾ', 'ಬತ್ತೀನಿ' ಕೇಳಿ ಅಣಕಿಸದವರಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ನಾನು ಮಾತೇ ಕಡಿಮೆ ಮಾಡಿದೆ. ಅಂಥ ಒಂದು ಸಂಜೆ ಕಾಲೇಜಿನ ಕಾರ್ಯಕ್ರಮದಲ್ಲಿ, ನಕ್ಕವರೇ ವೇದಿಕೆ ಹತ್ತಿ ರತ್ನನ ಪದ ಹಾಡಿದರು, ಚಪ್ಪಾಳೆ ಗಿಟ್ಟಿಸಿದರು. ಹಾಡಿನಲ್ಲಿ ಬಂದರೆ ಸೊಗಸು, ನನ್ನ ಬಾಯಲ್ಲಿ ಬಂದರೆ ತಮಾಷೆ ಹೇಗಾಯಿತೋ!

ಈ ಪದಗಳ ಬಗ್ಗೆ ಬೇರೆ ಅಭಿಪ್ರಾಯವೂ ಇದೆ. ಓದಿದ ಮೇಲ್ಜಾತಿಯವರೊಬ್ಬರು ಬಡವನನ್ನು ಚಿತ್ರಿಸುವಾಗ ಕುಡುಕನನ್ನೇ ಯಾಕೆ ಆರಿಸಬೇಕಿತ್ತು ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಅವನ ಅಪ್ಪ ಕುಡಿತಕ್ಕೆ ಜಮೀನು ಕಳೆದವರು. ಅವನಿಗೆ ರತ್ನನ ಹಾಡು ಕೇಳಿದರೆ ಖುಷಿಯಾಗುವುದಿಲ್ಲ. ಅವನ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ನಾವಿಬ್ಬರೂ ಈಗಲೂ ಒಪ್ಪುವುದಿಲ್ಲ, ಈಗಲೂ ಒಟ್ಟಿಗೆ ಊಟ ಮಾಡುತ್ತೇವೆ.

ರಾಜರತ್ನಂ ಅವರ ಇನ್ನೊಂದು ಸಾಹಸ ನಮ್ಮ ಪಠ್ಯಪುಸ್ತಕದಲ್ಲಿ ಬರಲಿಲ್ಲ. ಶ್ರೀವೈಷ್ಣವರಾಗಿ ಹುಟ್ಟಿದ ಅವರು ಬುದ್ಧನ ಮಾತನ್ನು ಅರಿಯಲು ಪಾಳಿ ಭಾಷೆಯನ್ನೇ ಕಲಿತರು. ಶಾಕ್ಯ ಸಾಹಿತ್ಯ ಮಂಟಪ ಎಂಬ ಪ್ರಕಾಶನ ಕಟ್ಟಿ ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದರು. ಚೀನಾ ದೇಶದಿಂದ ಬಂದ ಬೌದ್ಧ ಯಾತ್ರಿಕರ ಬಗ್ಗೆ ಪುಸ್ತಕ ಬರೆದರು. ಮಹಾವೀರ, ಪಾರ್ಶ್ವನಾಥ, ಗೊಮ್ಮಟೇಶ್ವರರ ಕುರಿತೂ ಬರೆದರು. ಚಾಮರಾಜನಗರದ ಪಕ್ಕದಲ್ಲೇ ಮಲೆಯೂರಿನ ಕನಕಗಿರಿ ಇದೆ; ಬೆಟ್ಟ ಹತ್ತಿ ಬಸದಿ ನೋಡಿ ಬಂದ ನಮ್ಮಲ್ಲಿ ಎಷ್ಟು ಜನರಿಗೆ ಜೈನರ ನಂಬಿಕೆ ಏನೆಂದು ಗೊತ್ತಿತ್ತು? ಇನ್ನೊಬ್ಬರ ಧರ್ಮದ ಬಗ್ಗೆ ಒಂದು ಫಾರ್ವರ್ಡ್ ಮೆಸೇಜ್ ಓದಿ ತೀರ್ಪು ಕೊಡುವ ಈ ಕಾಲದಲ್ಲಿ, ಅಭಿಪ್ರಾಯ ಹೇಳುವ ಮೊದಲು ಒಂದು ಭಾಷೆಯನ್ನೇ ಕಲಿತ ಮನುಷ್ಯ ನನಗೆ ಬಹಳ ದೊಡ್ಡವರಾಗಿ ಕಾಣುತ್ತಾರೆ.

1938ರಲ್ಲಿ ಕನ್ನಡ ಪಂಡಿತರಾಗಿ ಸರ್ಕಾರಿ ಕೆಲಸಕ್ಕೆ ಸೇರಿ, ಹಲವು ಊರುಗಳಲ್ಲಿ ಪಾಠ ಹೇಳಿ, 1964ರಲ್ಲಿ ನಿವೃತ್ತರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಅವರು ವಿದ್ಯಾರ್ಥಿಗಳಿಂದಲೇ ಬರೆಸಿದರು. ಹುಡುಗರು ಯೋಚಿಸಿ ಬರೆದ ಲೇಖನಗಳನ್ನು ವಿದ್ಯಾರ್ಥಿ ವಿಚಾರ ವಿಲಾಸ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಇಪ್ಪತ್ತು ವರ್ಷದ ಹುಡುಗನ ವಿಚಾರಕ್ಕೂ ಅಚ್ಚಿನ ಬೆಲೆ ಇದೆಯೆಂದು ಮೇಷ್ಟ್ರು ನಂಬುವುದು ಸಣ್ಣ ಮಾತಲ್ಲ. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮರುವರ್ಷ ಮಾರ್ಚ್ 13ರಂದು ತೀರಿಕೊಂಡರು.

ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಚಾಮರಾಜನಗರದಿಂದ ಮತ್ತೊಂದು ಸತ್ಯಮಂಗಲಕ್ಕೆ. ಸಂತೆಯಲ್ಲಿ ಮಲಯಾಳ, ತಮಿಳು ಕೇಳದ ದಿನವಿಲ್ಲ. ಬೆಂಚಿನಲ್ಲಿ ಪಕ್ಕ ಕೂರುವವರ ಮನೆಯಲ್ಲಿ ಉರ್ದು, ತೆಲುಗು, ಸೋಲಿಗರ ನುಡಿ. ಇಷ್ಟಿದ್ದೂ ಪಕ್ಕದವನ ಮನೆಯ ಹಬ್ಬದ ಬಗ್ಗೆ ಒಂದು ಪುಟ ಬರೆಯುವ ಅವಕಾಶ ನಮಗೆ ಬರಲಿಲ್ಲ. ಮೇಷ್ಟ್ರುಗಳು ಮನಸ್ಸು ಮಾಡಿದರೆ ಈ ವರ್ಷದಿಂದಲೇ ಒಂಬತ್ತನೇ ತರಗತಿಯ ಮಕ್ಕಳು ಒಬ್ಬರ ಮನೆಯ ಬಗ್ಗೆ ಇನ್ನೊಬ್ಬರು ಕೇಳಿ ಬರೆಯಲಿ. ಬರೆದದ್ದನ್ನು ಆ ಮನೆಯವರೇ ಓದಿ ತಪ್ಪಿದ್ದರೆ ತಿದ್ದಲಿ. ಅಚ್ಚಿನ ಖರ್ಚನ್ನು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ.