ಹಿತ್ತಿಲಲ್ಲಿ ಸಿಕ್ಕ ಗ್ರಹ

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಆಕಾಶ ನೋಡುವ ಹವ್ಯಾಸದವರಿಗೆ ಮಳೆಗಾಲವಿಡೀ ರಜೆ. ಮೋಡ ಸರಿದು ಅಡಿಕೆ ಕೊಯ್ಲು ಆರಂಭವಾಗುವಾಗಲೇ ನಮ್ಮ ಸುಗ್ಗಿಯೂ ಆರಂಭ. 2025ರ ನವೆಂಬರ್‌ನಲ್ಲಿ, ಕಾರ್ತಿಕ ಅಮಾವಾಸ್ಯೆಯ ಆಸುಪಾಸಿನಲ್ಲಿ, ಹೊಸನಗರದ ನಮ್ಮ ಮನೆಯ ಹಿತ್ತಿಲಲ್ಲಿ ಸಣ್ಣ ದೂರದರ್ಶಕವಿಟ್ಟು ಕೃತ್ತಿಕೆಯ ದಕ್ಷಿಣಕ್ಕಿದ್ದ ಯುರೇನಸ್ ಗ್ರಹವನ್ನು ಹುಡುಕಿದೆ. ಎರಡು ರಾತ್ರಿ ಸಿಗಲಿಲ್ಲ. ಮೂರನೆಯ ರಾತ್ರಿ ವರ್ಧನೆ ಹೆಚ್ಚಿಸಿದಾಗ ಒಂದು ಚುಕ್ಕೆ ತಿಳಿಹಸಿರು ಬಿಲ್ಲೆಯಾಗಿ ಕಂಡಿತು. ಹಿಂದಿನ ಎರಡೂ ರಾತ್ರಿ ಅದು ಕಣ್ಣಿಗೆ ಬಿದ್ದಿತ್ತು. ನಕ್ಷತ್ರವೆಂದು ಬಗೆದು ನಾನೇ ದಾಟಿಹೋಗಿದ್ದೆ.

ಆಗ ನೆನಪಾದವನು ವಿಲಿಯಂ ಹರ್ಷೆಲ್. 1738ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದ ಆತ ವೃತ್ತಿಯಿಂದ ಸಂಗೀತಗಾರ. ತಂದೆಯಂತೆ ಸೇನೆಯ ವಾದ್ಯವೃಂದದಲ್ಲಿ ಓಬೋ ನುಡಿಸುತ್ತಿದ್ದವನು 1757ರಲ್ಲಿ ಇಂಗ್ಲೆಂಡ್ ಸೇರಿದ. ಮುಂದೆ ಬಾತ್ ಪಟ್ಟಣದ ಪ್ರಾರ್ಥನಾ ಮಂದಿರವೊಂದರಲ್ಲಿ ಆರ್ಗನ್ ವಾದಕನಾದ. ಖಗೋಳ ವಿಜ್ಞಾನದ ಹುಚ್ಚು ಹಿಡಿದದ್ದು ಮೂವತ್ತೈದರ ಹೊಸ್ತಿಲಲ್ಲಿ. ಒಳ್ಳೆಯ ದೂರದರ್ಶಕಗಳ ಬೆಲೆ ಕೈಗೆಟುಕದ ಕಾರಣ ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು, ಮನೆಯಲ್ಲಿಯೇ ದರ್ಪಣಗಳನ್ನು ಉಜ್ಜತೊಡಗಿದ. ಒಮ್ಮೆ ಹದಿನಾರು ಗಂಟೆ ಕೈ ತೆಗೆಯದೆ ಉಜ್ಜಿದಾಗ ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗಿಟ್ಟಳು. ಹಗಲು ಸಂಗೀತ ಪಾಠ, ಸಂಜೆ ಕಛೇರಿ, ರಾತ್ರಿ ನಕ್ಷತ್ರ ಎಂಬುದು ಆ ಮನೆಯ ದಿನಚರಿಯಾಯಿತು.

1781ರ ಮಾರ್ಚ್ 13ರ ರಾತ್ರಿ ಆತ ಮನೆಯ ಹಿತ್ತಿಲ ತೋಟದಲ್ಲಿ, ತಾನೇ ಮಾಡಿದ ಏಳು ಅಡಿಯ ದೂರದರ್ಶಕದಿಂದ ನಕ್ಷತ್ರಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದ. ವೃಷಭ, ಮಿಥುನ ರಾಶಿಗಳ ಗಡಿಯಲ್ಲಿ ಒಂದು ಚುಕ್ಕೆ ಉಳಿದವುಗಳಂತಿರಲಿಲ್ಲ. ವರ್ಧನೆ ಹೆಚ್ಚಿಸಿದರೆ ನಕ್ಷತ್ರ ಬಿಂದುವಾಗಿಯೇ ಉಳಿಯುತ್ತದೆ, ಇದು ಹಿಗ್ಗಿತು. ಕೆಲವು ರಾತ್ರಿಗಳ ಬಳಿಕ ನೋಡಿದರೆ ಸ್ಥಳವನ್ನೂ ಬದಲಿಸಿತ್ತು. ಆತ ಅದನ್ನು ಧೂಮಕೇತುವೆಂದೇ ವರದಿ ಮಾಡಿದ. ಗ್ರಹವೆಂಬುದನ್ನು ಸ್ಥಿರಪಡಿಸಿದ್ದು ಇತರರ ಕಕ್ಷೆಯ ಲೆಕ್ಕಾಚಾರ. ಪ್ರಾಚೀನರು ಅರಿತಿದ್ದ ಗ್ರಹಗಳ ಸಾಲಿಗೆ ಹೊಸದೊಂದು ಸೇರಿತು.

ಇದನ್ನು ಅದೃಷ್ಟವೆನ್ನುವವರಿದ್ದಾರೆ. ಆದರೆ 1690ರಲ್ಲಿಯೇ ಗ್ರೀನಿಚ್‌ನ ರಾಜ ಖಗೋಳಜ್ಞ ಜಾನ್ ಫ್ಲ್ಯಾಮ್‌ಸ್ಟೀಡ್ ಇದೇ ಗ್ರಹವನ್ನು ಕಂಡು, ವೃಷಭ ರಾಶಿಯ ನಕ್ಷತ್ರವೆಂದು ದಾಖಲಿಸಿದ್ದ. ಪದವಿ, ಸಲಕರಣೆ ಎಲ್ಲವೂ ಇದ್ದವನಿಗೆ ತಪ್ಪಿದ್ದು ಹವ್ಯಾಸಿಗೆ ದಕ್ಕಿತು. ಯುರೇನಸ್ ಸೂರ್ಯನನ್ನು ಸುತ್ತಲು 84 ವರ್ಷ ಬೇಕು. ಅಂದಿನಿಂದ ಸುಮಾರು ನಾಲ್ಕು ಸುತ್ತು ಮುಗಿಸಿ, 2025ರಲ್ಲಿ ಅದು ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದಿತ್ತು. ಫ್ಲ್ಯಾಮ್‌ಸ್ಟೀಡ್ ಎಡವಿದ ಕಡೆಯಲ್ಲಿಯೇ ನಾನೂ ಎಡವಿದ್ದೆ.

1782ರಲ್ಲಿ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡ್ ವೇತನ ಗೊತ್ತುಮಾಡಿದ ಮೇಲೆ ಹರ್ಷೆಲ್ ಸಂಗೀತ ವೃತ್ತಿಯನ್ನು ಬಿಟ್ಟ. ರಾತ್ರಿಯ ವೀಕ್ಷಣೆಗಳನ್ನು ಬರೆದುಕೊಂಡು, ಲೆಕ್ಕ ಹಾಕಿ, ಪಟ್ಟಿಗಳನ್ನು ಸಿದ್ಧಪಡಿಸಿದವಳು ಕ್ಯಾರೊಲಿನ್. ಆಕೆ ತಾನಾಗಿ ಎಂಟು ಧೂಮಕೇತುಗಳನ್ನೂ ಕಂಡುಹಿಡಿದಳು. 1800ರಲ್ಲಿ ಆತ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಗುರುತಿಸಿದ. ಸೂರ್ಯನಲ್ಲಿ ಜೀವಿಗಳಿವೆಯೆಂದು ನಂಬಿದವನೂ ಆತನೇ. 1822ರಲ್ಲಿ, ತನ್ನ ಗ್ರಹದ ಒಂದು ವರ್ಷ ತುಂಬಲು ಕೆಲವೇ ತಿಂಗಳು ಉಳಿದಿರುವಾಗ, 83ರ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮ ಮಕ್ಕಳು ಗ್ರಹಗಳ ಹೆಸರನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರು ವಿರಳ. ತಾಳ್ಮೆಯಿಂದ ನೋಡುವುದೂ ಒಂದು ವಿದ್ಯೆ, ಅದನ್ನು ಕಲಿಸಬೇಕು. ಮಲೆನಾಡಿನ ಎಷ್ಟೋ ಹಿತ್ತಿಲುಗಳಲ್ಲಿ ಕತ್ತಲು ಇನ್ನೂ ಉಳಿದಿದೆ. ಮನೆಯ ದೀಪವನ್ನು ಒಂದು ಗಂಟೆ ಆರಿಸಿ, ಮಗುವಿನ ಪಕ್ಕದಲ್ಲಿ ನಿಲ್ಲುವ ಹಿರಿಯರಷ್ಟೇ ಬೇಕಾಗಿದ್ದಾರೆ.