ಜಾರ್ಜ್ ಬೀಟ್ಸನ್: ಮೂವರಲ್ಲಿ ಒಬ್ಬರಿಗಷ್ಟೇ ಗುಣವೇಕೆ?

ಸ್ತನ ಕ್ಯಾನ್ಸರ್ ವರದಿಗಳಲ್ಲಿ ‘ಇಆರ್ ಪಾಸಿಟಿವ್’ ಎಂಬ ಪದವನ್ನು ನೀವು ನೋಡಿರಬಹುದು. ಅದರ ಬೇರು ಹುಡುಕಿದರೆ ಸಿಗುವವರು ಜಾರ್ಜ್ ಬೀಟ್ಸನ್.

1848ರಲ್ಲಿ ಸಿಲೋನಿನ ಟ್ರಿಂಕೋಮಲಿಯಲ್ಲಿ ಹುಟ್ಟಿದ ಅವರು ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯರಾದರು. ಎದೆಹಾಲಿಗೂ ಅಂಡಾಶಯಕ್ಕೂ ನಂಟಿದೆ ಎಂಬುದು ಅವರ ಗಮನಕ್ಕೆ ಬಂದಿತ್ತು. 1895ರಲ್ಲಿ, ಬೇರೆ ದಾರಿಯೇ ಉಳಿದಿರದ ಸ್ತನ ಕ್ಯಾನ್ಸರ್ ರೋಗಿಯೊಬ್ಬರ ಅಂಡಾಶಯಗಳನ್ನು ತೆಗೆದರು. ಗೆಡ್ಡೆ ಕರಗಿತು, ಆಕೆ ಸುಮಾರು ನಾಲ್ಕು ವರ್ಷ ಬದುಕಿದರು.

ಆದರೆ ಈ ಶಸ್ತ್ರಚಿಕಿತ್ಸೆ ಫಲ ಕೊಟ್ಟಿದ್ದು ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರು ಅಂಡಾಶಯ ಕಳೆದುಕೊಂಡಿದ್ದೇ ಬಂತು. ಕಾರಣ ತಿಳಿಯುವ ಮೊದಲೇ, 1933ರಲ್ಲಿ, ಬೀಟ್ಸನ್ ತೀರಿಕೊಂಡರು.

ಕಾರಣ ಒಂದು ಪ್ರೋಟೀನ್: ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ‘ಈಸ್ಟ್ರೋಜನ್ ಗ್ರಾಹಕ’. ಇಆರ್ ಎಂದರೆ ಅದೇ. ಗೆಡ್ಡೆಯಲ್ಲಿ ಅದಿದ್ದರೆ ಹಾರ್ಮೋನ್ ತಡೆಯುವ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ವೈದ್ಯರು ಬೇರೆ ಚಿಕಿತ್ಸೆ ಆರಿಸುತ್ತಾರೆ.